ಗ್ಲೌಸ್ ಬೇಡದ ಕೈ

ಲ್ಯಾಬಿನ ಹುಡುಗಿ ಮಂಜುಗಡ್ಡೆ ಒಡೆದು ಡಬ್ಬಿಗೆ ತುಂಬುತ್ತಿದ್ದಳು. ಮಂಜಿನ ನಡುವೆ ಪುಟ್ಟ ಟ್ಯೂಬುಗಳು. ಒಳಗೆ ಕುಷ್ಠರೋಗಿಗಳ ಚರ್ಮದ ಚೂರು, ನರದ ಚೂರು.

ಬಾಗಿಲು ತೆರೆಯಿತು. ಚಪ್ಪಲಿ ಮೇಷ್ಟ್ರು!

ಜೋಮು ಹಿಡಿದ ಪಾದಗಳಿಗೆ ಮೆತ್ತನೆಯ ಚಪ್ಪಲಿ ಹೊಲಿಯುವವನಿಗೆ ಆಸ್ಪತ್ರೆಯವರು ಇಟ್ಟ ಹೆಸರು ಅದು. ಅವನಿಗೂ ಹಿಂದೆ ಅದೇ ಕಾಯಿಲೆಯಿತ್ತು, ವಾಸಿಯಾಗಿ ವರ್ಷಗಳಾಗಿದ್ದವು. ದಿನವೂ ಇಬ್ಬರೂ ಕ್ಯಾಂಟೀನಿನ ಒಂದೇ ಮೇಜಿನಲ್ಲಿ ಚಹಾ ಕುಡಿಯುತ್ತಿದ್ದರು. ಮಾತು ಮಾತ್ರ ಇನ್ನೂ ಚಹಾ ದಾಟಿರಲಿಲ್ಲ.

"ನಿಮಗೇ ಅಂತ ಹೊಲಿದೆ. ಹಾಕ್ಕೊಂಡು ನೋಡಿ..."

ಚಪ್ಪಲಿ ಇಡಲು ಜಾಗ ಮಾಡುತ್ತ ಅವನು ಡಬ್ಬಿಯತ್ತ ಕೈಚಾಚಿದ.

"ಮುಟ್ಟಬೇಡಿ!"

ಅವನ ಮುಖ ಬಿಳುಚಿತು. ಚಪ್ಪಲಿಯನ್ನು ನೆಲದ ಮೇಲಿಟ್ಟು ಹೊರಟೇಹೋದ.

ಬರಿಗೈ ತಾಗಿದರೆ ಚೂರಿನೊಳಗಿನ ಜೀನ್‌ಗಳ ಸಂದೇಶ ಅಳಿಸಿಹೋಗುತ್ತದೆ. ದೊಡ್ಡ ಡಾಕ್ಟರಿಗೂ ಅವಳು ಹೀಗೇ ಕಿರುಚಿದ್ದುಂಟು. ಆದರೆ ಅವನಿಗೇನು ಗೊತ್ತು? ಆ ಮಾತನ್ನು ಅವನು ಬೇರೆ ಬಾಯಿಗಳಿಂದ ಕೇಳಿ ಸಾಕಾದವನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ವಾರ ಕಳೆಯುವುದರೊಳಗೆ ಅವನು ಆಸ್ಪತ್ರೆಯ ದೂರದ ಶಾಖೆಗೆ ವರ್ಗ ಕೇಳಿಕೊಂಡು ಹೋದ.

ಅವಳು ಎಲ್ಲವನ್ನೂ ವಿವರಿಸಿ ಕಾಗದ ಬರೆದಳು. ಕಳಿಸಲಿಲ್ಲ. 'ಅವರೂ ಸುಮ್ಮನಿದ್ದಾರೆ... ನನ್ನ ಮೇಲೆ ಮನಸ್ಸಿದ್ದರೆ ಒಂದು ಮಾತು ಕೇಳುತ್ತಿರಲಿಲ್ಲವೇ?'

"ಲೇ, ಆ ಕಾಗದಕ್ಕೆ ಗಡ್ಡ ಬರೋವರೆಗೂ ಕಾಯ್ತೀಯೇನೇ?" ಮನೆಯಲ್ಲಿ ಕಾಗದ ಕಂಡ ಚಿಕ್ಕಮ್ಮ ರೇಗಿಸಿದಳು.

ತಿಂಗಳುಗಳಾದ ಮೇಲೆ ಆ ಚೂರುಗಳ ಪರೀಕ್ಷೆಯ ಫಲಿತಾಂಶ ಬಂತು. ಚರ್ಮದ ಚೂರುಗಳಲ್ಲಿ, ರೋಗಾಣು ಬಂತೆಂದು ದೇಹವನ್ನು ಎಬ್ಬಿಸುವ ಜೀನ್‌ಗಳು ಜೋರಾಗಿ ಕೂಗಿದ್ದವು. ಅದೇ ರೋಗಿಗಳ ನರದಲ್ಲಿ ಅವೇ ಜೀನ್‌ಗಳು ಹೆಚ್ಚುಕಮ್ಮಿ ತೆಪ್ಪಗಿದ್ದವು.

"ನರ ಸುಮ್ಮನಿದೆ ಡಾಕ್ಟ್ರೇ."

"ಸುಮ್ಮನಿದೆ ಅಂತ ಚೆನ್ನಾಗಿದೆ ಅಂದ್ಕೋಬೇಡಮ್ಮ. ಇವರ ಕೈಕಾಲು ಜೋಮು ಹಿಡಿದಿರೋದೇ ಆ ನರ ಕೆಟ್ಟು."

ಅವಳಿಗೆ ಕಳಿಸದ ಕಾಗದ ನೆನಪಾಯಿತು.

'ಅಯ್ಯೋ... ಅವರು ಸುಮ್ಮನಿದ್ದಾರೆ ಅಂತ ನೋವೂ ಇಲ್ಲ, ಮನಸ್ಸೂ ಇಲ್ಲ ಅಂದುಕೊಂಡೆನಲ್ಲ!'

ಮರುದಿನ ಬೆಳಿಗ್ಗೆ ಶಾಖೆಗೆ ಹೊರಟಿದ್ದ ವ್ಯಾನಿನ ಡ್ರೈವರಣ್ಣನ ಕೈಗೆ ಕಾಗದ ಕೊಟ್ಟಳು. ಕೊನೆಯಲ್ಲಿ ಹೊಸದಾಗಿ ಸೇರಿಸಿದ್ದಳು: 'ಮುಟ್ಟಬೇಡಿ ಅಂದಿದ್ದು ಟ್ಯೂಬನ್ನು. ನಿಮ್ಮ ಕೈ ಹಿಡಿಯೋಕೆ ನನಗೆ ಗ್ಲೌಸ್ ಬೇಡ.'

"ಬಾಯಲ್ಲಿ ಏನಾದ್ರೂ ಹೇಳಬೇಕಾ ತಂಗಿ?"

"ಚಪ್ಪಲಿ ಅಳತೆ ಸರಿಯಾಗಿದೆ ಅಂತ ಹೇಳಿ ಅಣ್ಣ..."

ಡ್ರೈವರಣ್ಣ ಅವಳ ಪಾದದಲ್ಲಿದ್ದ ಮೇಷ್ಟ್ರ ಚಪ್ಪಲಿ ನೋಡಿ ನಕ್ಕ. "ಇಷ್ಟು ಹೇಳಿದ್ರೆ ಸಾಕು, ಮೇಷ್ಟ್ರು ಕಾಗದ ಒಡೆಯೋ ಮುಂಚೆಯೇ ವ್ಯಾನ್ ಹತ್ತಿ ಕೂತಿರ್ತಾರೆ!"

ವ್ಯಾನು ಗೇಟು ದಾಟಿತು.