ಅವಳು ದಾಟದ ಗೇಟು

"ಹತ್ತು! ಗಾಡಿ ಹತ್ತು ಅಂತೀನಿ!"

ಯಾರೋ ರಟ್ಟೆ ಹಿಡಿದು ಎಳೆದದ್ದಷ್ಟೇ ಅಡೊಂಗೊಗೆ ಗೊತ್ತು. ಮರುಕ್ಷಣ ಅವಳು ವ್ಯಾನಿನೊಳಗೆ ಮಂಡಿಯೂರಿ ಬಿದ್ದಿದ್ದಳು. ಬಾಗಿಲು ದಢಾರನೆ ಮುಚ್ಚಿಕೊಂಡಿತ್ತು.

"ನನ್ನ ತಲೆವಸ್ತ್ರ... ಗಾಳಿಗೆ ಹಾರಿಹೋಯ್ತು... ಅದನ್ನ ತರೋಕೆ..."

"ತಲೆ ಉಳೀತಲ್ಲ, ವಸ್ತ್ರಕ್ಯಾಕೆ ಅಳ್ತೀರಿ? ಅಲ್ಲಿ ನೋಡಿ!"

ಡ್ರೈವರ್ ತೋರಿಸಿದ ಕಡೆ ನೋಡಿದಳು. ಒಣಹುಲ್ಲಿನ ನಡುವೆ ಅವಳ ಕಪ್ಪು ಬಟ್ಟೆ. ಅದರಾಚೆ, ಇಪ್ಪತ್ತೇ ಹೆಜ್ಜೆ ದೂರದಲ್ಲಿ, ಹುಲ್ಲಿನದೇ ಬಣ್ಣದ ಸಿಂಹಿಣಿಯೊಂದು ತಲೆಯೆತ್ತಿ ಇವರನ್ನೇ ದಿಟ್ಟಿಸುತ್ತಿತ್ತು.

ವ್ಯಾನಿನಲ್ಲಿದ್ದ ಉಳಿದವರೆಲ್ಲ ಎಡಗಡೆ ಮರಿಯೊಂದಿಗೆ ನಿಂತ ಘೇಂಡಾಮೃಗಕ್ಕೆ ಮರುಳಾಗಿದ್ದಾಗ ಇವಳು ಬಲಗಡೆಯ ಬಾಗಿಲು ಸರಿಸಿ ಇಳಿದುಬಿಟ್ಟಿದ್ದಳು. ಹೇಳಿ, ಕಾಡಿನಲ್ಲಿ ಗಾಡಿಯಿಂದ ಇಳಿಯಬಾರದೆಂದು ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಈ ಮೇಷ್ಟ್ರಮ್ಮನಿಗೆ ಯಾರು ಪಾಠ ಹೇಳಬೇಕು?

"ಸಾಯ್ಬೇಕು ಅಂತ ಇದೆಯಾ ನಿಮಗೆ?" ಡ್ರೈವರ್ ಕ್ಯಾಲೊ ಸಿಡಿದ.

"ಸತ್ತರೆ ಯಾರಿಗೇನು ನಷ್ಟ?"

ಮಾತು ಬಾಯಿಂದ ಜಾರಿಬಿಟ್ಟಿತು. ಅವಳ ಅಕ್ಕ ಅಪಿಯೊ ಕಣ್ಣು ಕೆಳಗೆ ಹಾಕಿದಳು.

ಎಂಟು ವರ್ಷದಿಂದ ನೈರೋಬಿಯ ಈ ಕಾಡಿನಲ್ಲಿ ಗಾಡಿ ಓಡಿಸುತ್ತಿದ್ದ ಕ್ಯಾಲೊ ಪ್ರವಾಸಿಗಳ ಬಾಯಿಂದ ಏನೇನೋ ಕೇಳಿದ್ದ. ಇಂಥದ್ದನ್ನು ಕೇಳಿರಲಿಲ್ಲ.

"ನನಗೆ ನಷ್ಟ," ಅಂದ ಕೊನೆಗೆ, ಮೆತ್ತಗೆ. "ನನ್ನ ಲೈಸೆನ್ಸ್ ಹೋಗುತ್ತೆ."

ಅಪಿಯೊ ಫಕ್ಕನೆ ನಕ್ಕಳು. ಅಡೊಂಗೊಗೂ ತುಟಿಯಂಚು ತಡೆಯಲಾಗಲಿಲ್ಲ.

*

ಅಪಿಯೊ, ಅಡೊಂಗೊ ಅವಳಿಗಳು. ಲುವೊ ಜನರಲ್ಲಿ ಅವಳಿಗಳಿಗೆ ಹೆಸರು ಹುಡುಕುವ ತಾಪತ್ರಯವಿಲ್ಲ. ಮೊದಲು ಬಂದವಳು ಅಪಿಯೊ, ಹಿಂದೆ ಉಳಿದವಳು ಅಡೊಂಗೊ. ಇಪ್ಪತ್ತು ನಿಮಿಷದ ಹಿರಿತನಕ್ಕೇ ಅಪಿಯೊ ಜೀವನಪೂರ್ತಿ ಅಕ್ಕನಾಗಿದ್ದಳು. ನೈರೋಬಿಯಲ್ಲಿ ಜಡೆ ಹೆಣೆಯುವ ಸಲೂನು ಇಟ್ಟುಕೊಂಡಿದ್ದ ಅವಳು ಆಗಸ್ಟಿನ ರಜೆಗೆ ತಂಗಿಯನ್ನು ಸರೋವರದ ದಡದ ಊರು ಹೋಮಾ ಬೇಯಿಂದ ಎಳೆದುಕೊಂಡು ಬಂದಿದ್ದಳು. "ಮೂರು ವರ್ಷ ಆಯ್ತು ಕಣೇ, ಶಾಲೆ ಬಿಟ್ರೆ ಮನೆ. ಒಂದು ವಾರ ಬಾ. ತಿನ್ನು, ಕುಣಿ, ಪ್ರಾಣಿ ನೋಡು. ಆಮೇಲೆ ಬೇಕಾದ್ರೆ ಹೋಗಿ ಅಳ್ತಾ ಕೂತ್ಕೋ!"

ಕಾಡಿನಿಂದ ಹೊರಬಂದ ಮೇಲೆ ಕ್ಯಾಲೊ ಅವರ ಹತ್ತಿರ ಬಂದು ಟೋಪಿ ತೆಗೆದ.

"ಕೈ ಹಿಡಿದು ಎಳೆದೆ, ಜೋರಾಗಿ ಕೂಗಿದೆ. ತಪ್ಪಾಯ್ತು. ಸಂಜೆ ಇಬ್ಬರಿಗೂ ನಾನು ಊಟ ಕೊಡಿಸ್ತೀನಿ."

"ಬೇಡ," ಎಂದಳು ಅಡೊಂಗೊ.

"ಎಷ್ಟು ಗಂಟೆಗೆ?" ಎಂದಳು ಅಪಿಯೊ.

ಆ ಸಂಜೆ ತಗಡಿನ ಚಪ್ಪರದ ಕೆಳಗೆ ಕೆಂಡದ ಘಮ ಘಮ. ಹಲಗೆಯ ಮೇಲೆ ಕೊಚ್ಚಿ ತಂದ ಸುಟ್ಟ ಆಡಿನ ಪಕ್ಕೆಲುಬು, ಗುಡ್ಡೆ ಉಪ್ಪು, ಹಸಿಮೆಣಸು ಹಾಕಿದ ಟೊಮೇಟೊ-ಈರುಳ್ಳಿಯ ಕಚುಂಬರಿ, ಉಗಾಲಿಯ ಬಿಳಿ ಮುದ್ದೆ. ಮೂಲೆಯಲ್ಲಿ ಕುಣಿತದ ಬೆಂಗಾ ಹಾಡಿನ ಗಿಟಾರಿನವರು ಶುರುಮಾಡಿದ್ದರು.

"ನೋಡಿ ತಿನ್ನಿ ಅಕ್ಕಾವ್ರೇ, ಇದರಲ್ಲಿ ಮುಳ್ಳಿರಲ್ಲ," ಎಂದು ಕ್ಯಾಲೊ ಕಿಚಾಯಿಸಿದ. "ಮೀನು ತಿನ್ನೋ ಜನ ನೀವು, ಅಭ್ಯಾಸ ಇರಲ್ಲ."

"ಜೋಳ ಕುಟ್ಟಿ ಕುಟ್ಟಿ ತಿನ್ನೋ ನಿಮ್ಮ ಕಂಬಾ ಜನ ನಮಗೆ ಊಟ ಹೇಳಿಕೊಡ್ತಾರಂತೆ!" ಅಪಿಯೊ ಬಿಡುವವಳೇ? "ಆ ದೊಡ್ಡ ತುಂಡು ಈ ಕಡೆ ತಳ್ಳಪ್ಪ."

ಊಟವಾದ ಮೇಲೆ ಅಕ್ಕ ತಂಗಿಯನ್ನು ಎಳೆದಳು. ಅಡೊಂಗೊ ಮೊದಲು ಕಂಬದ ಹಾಗೆ ನಿಂತಳು. ಆಮೇಲೆ... ಗಿಟಾರಿನ ಗತಿ ಏರಿದ ಹಾಗೆ ಕಾಲುಗಳೇ ಅವಳ ಮಾತು ಕೇಳಲಿಲ್ಲ. ಅವಳು ಕುಣಿದಳು! ನಕ್ಕಳು ಕೂಡ. ತನ್ನದೇ ನಗು ಕಿವಿಗೆ ಬಿದ್ದು ಹೆದರಿ ಹೊರಗೆ ಓಡಿದಳು.

ಕಣ್ಣೊರೆಸಿಕೊಂಡು ತಿರುಗಿದಾಗ ಕ್ಯಾಲೊ ಸೋಡಾ ಬಾಟಲಿ ಹಿಡಿದು ನಿಂತಿದ್ದ.

"ಕಣ್ಣಿಗೆ ಹೊಗೆ ಹೋಯ್ತಾ?"

"ಹೂಂ... ಹೊಗೆ."

"ಒಲೆ ಆ ಕಡೆ ಇದೆ. ನೀವು ಬಂದಿದ್ದು ಈ ಕಡೆಯಿಂದ."

ಅವಳಿಗೆ ಸುಳ್ಳು ಮುಂದುವರಿಸುವ ಶಕ್ತಿಯಿರಲಿಲ್ಲ. "ನನ್ನ ಗಂಡ, ಒಮೊಲೊ ಅಂತ, ಸರೋವರಕ್ಕೆ ಮೀನು ಹಿಡಿಯೋಕೆ ಹೋದ. ಬಿರುಗಾಳಿ ಬಂತು. ದೋಣಿ ಮಾತ್ರ ವಾಪಸ್ ಬಂತು. ಹೆಣ ತೇಲಿ ಬರೋವರೆಗೆ ನಾನು ನಾಲ್ಕು ದಿನ ದಡದಲ್ಲೇ ಕೂತಿದ್ದೆ..."

ಅವನು ಪಕ್ಕದಲ್ಲಿ ಕಲ್ಲಿನ ಮೇಲೆ ಕೂತ. ಅವಳು ಸೋಡಾ ಮುಗಿಸುವವರೆಗೂ ಕೂತೇ ಇದ್ದ.

*

ಮುಂದಿನ ನಾಲ್ಕು ದಿನ ಕ್ಯಾಲೊ ಯಾವುದಾದರೂ ನೆಪ ಮಾಡಿಕೊಂಡು ಬಂದ. ಜಿರಾಫೆಯ ಉದ್ದನೆಯ ನಾಲಿಗೆ ಅಂಗೈಯಿಂದ ಆಹಾರ ಬಾಚಿಕೊಂಡಾಗ ಅಡೊಂಗೊ ಚಿಕ್ಕ ಹುಡುಗಿಯಂತೆ ಕಿರುಚಿದಳು. ತಾಯಿ ಸತ್ತ ಆನೆಮರಿಗಳು ಕೆಸರಲ್ಲಿ ಹೊರಳುವುದನ್ನು ನೋಡುತ್ತಾ ಇಬ್ಬರೂ ಬೇಲಿಗೆ ಒರಗಿ ನಿಂತರು. ಅಪಿಯೊಳ ಬಾಡಿಗೆ ಕೋಣೆಯಲ್ಲಿ ಹಾಲು ತುಂಬಿದ ಚಹಾ ಕುಡಿದರು. 'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಶನಿವಾರ ಅವನು ಹೇಳಿದ. "ನಾಳೆ ಮಧ್ಯಾಹ್ನ ಕಿಟೆಂಗೆಲಾದಲ್ಲಿರೋ ನಮ್ಮನೆಗೆ ಬಾ. ಅಮ್ಮ ಕೋಳಿ ಕೊಯ್ತಾಳಂತೆ."

ಅಡೊಂಗೊಗೆ ಇಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ.

"ಒಪ್ಕೊಂಡ್ಯಾ?" ಅಪಿಯೊ ಬಾಚಣಿಗೆ ಕೆಳಗಿಟ್ಟಳು. "ಅದು ಸ್ವಂತ ಮನೆ ಕಣೇ! ಅವನಿಗೆ ಎಲ್ಲಾ ಹೇಳಿದೀಯಾ?"

"ಗೇಟಿನ ಹತ್ತಿರ ಹೋದ್ಮೇಲೆ ಹೇಳ್ತೀನಿ."

'ಹೇಳಿದರೆ ಅವನೂ ನನ್ನ ಕಾಲುಗಳನ್ನೇ ನೋಡುತ್ತಾನೆ... ಊರಿನವರು ನೋಡಿದ ಹಾಗೆ.' ರಾತ್ರಿಯಿಡೀ ಅವಳಿಗೆ ನಿದ್ದೆ ಹತ್ತಲಿಲ್ಲ.

*

ಅಪಿಯೊಗೆ ಭಾನುವಾರವೇ ಗಿರಾಕಿ ಜಾಸ್ತಿ. ಅಡೊಂಗೊ ಒಬ್ಬಳೇ ಹೋದಳು.

ಕ್ಯಾಲೊನ ತಾಯಿ ಸ್ಯೊಂಬುವಾ ಗೇಟಿನವರೆಗೆ ಓಡುತ್ತಲೇ ಬಂದಳು. ಕುಳ್ಳಗೆ, ದುಂಡಗೆ, ಸೊಂಟಕ್ಕೆ ಕಂಗಾ ಬಟ್ಟೆ ಸುತ್ತಿಕೊಂಡು, ಕಂಕುಳಲ್ಲಿ ಮೂರು ತಿಂಗಳ ಮೊಮ್ಮಗಳನ್ನು ಇಟ್ಟುಕೊಂಡು.

"ಬಾ ಮಗಳೇ, ಬಾ! ಕೋಳಿ ಬೆಳಿಗ್ಗೆಯಿಂದ ನಿನ್ನನ್ನೇ ಕಾಯ್ತಾ ಬೇಯ್ತಿದೆ. ಇವಳನ್ನ ಒಂಚೂರು ಹಿಡ್ಕೋ, ಗೇಟು ಪೂರ್ತಿ ತೆಗೀತೀನಿ."

ಮಗುವನ್ನು ಮುಂದೆ ಚಾಚಿದಳು.

ಅಡೊಂಗೊ ಬೆಂಕಿ ಕಂಡವಳಂತೆ ಹಿಂದಕ್ಕೆ ಹಾರಿದಳು. "ಬೇಡ! ನನಗೆ ಕೊಡ್ಬೇಡಿ! ದೂರ ಇಡಿ!"

ಸ್ಯೊಂಬುವಾಳ ಕೈಗಳು ಚಾಚಿದಲ್ಲೇ ನಿಂತವು. ನಗು ಬತ್ತಿಹೋಯಿತು.

"ಏನಾಯ್ತು?" ಕ್ಯಾಲೊ ಧಾವಿಸಿದ. "ಅಡೊಂಗೊ, ಒಳಗೆ ಬಾ."

"ನಾನು ಒಳಗೆ ಬರಲ್ಲ."

"ಯಾಕೆ?"

ಎಷ್ಟೋ ಸಲ ಮನಸ್ಸಲ್ಲೇ ಹೇಳಿಕೊಂಡು ಬಂದಿದ್ದ ಮಾತು ತಲೆಯಿಂದಲೇ ಜಾರಿಹೋಯಿತು. ಆ ಮಗು ಬೊಚ್ಚುಬಾಯಿ ತೆರೆದು ಅವಳನ್ನೇ ನೋಡಿ ನಗುತ್ತಿತ್ತು... ಅಯ್ಯೋ, ಹೇಗೆ ಹೇಳುವುದು?

"ಹೋಟೆಲಿಗೆ ಬಂದೆ. ಕುಣಿಯೋ ಜಾಗಕ್ಕೆ ಬಂದೆ. ನಿನ್ನಕ್ಕನ ಕೋಣೆಲಿ ನನ್ನ ಜೊತೆ ಚಹಾ ಕುಡಿದೆ," ಕ್ಯಾಲೊ ದನಿ ಏರಿಸಿದ. "ನಮ್ಮಮ್ಮನ ಅಂಗಳ ಮಾತ್ರ ನಿನ್ನ ಕಾಲಿಗೆ ಕೀಳಾಯ್ತಾ? ನಮ್ಮ ಮಗು ಮುಟ್ಟಿದ್ರೆ ಮೈಲಿಗೆನಾ?"

"ಹಾಗಲ್ಲ..."

"ಮತ್ತೆ ಹೇಗೆ? ಹೇಳು!"

ಅವಳು ತಿರುಗಿ ನಡೆದಳು. ಬಸ್ ಸಿಗುವ ಟಾರು ರಸ್ತೆಯವರೆಗೂ ಅಳುತ್ತಲೇ ನಡೆದಳು.

*

ಸಂಜೆ ಕ್ಯಾಲೊ ಕೆಂಡಾಮಂಡಲವಾಗಿ ಸಲೂನಿಗೆ ನುಗ್ಗಿದ. "ಎಲ್ಲಿ ನಿಮ್ಮ ತಂಗಿ? ಅಮ್ಮ ಊಟ ಬಿಟ್ಟು ಕೂತಿದಾಳೆ!"

"ಅವಳು ಚರ್ಚಿಗೆ ಹೋಗಿದಾಳೆ. ನೀನು ಕೂತ್ಕೋ. ಬಾಯಿ ಮುಚ್ಚಿ ಕೇಳು."

ಅಪಿಯೊ ಗಿರಾಕಿಯ ಅರ್ಧ ಜಡೆ ಹಾಗೇ ಬಿಟ್ಟು ಅವನ ಎದುರು ಕೂತಳು.

"ನಮ್ಮಲ್ಲಿ ಗಂಡ ಸತ್ತವಳ ಸೂತಕ ತಾನಾಗಿ ಕಳೆಯಲ್ಲ. ಸತ್ತವನ ತಮ್ಮನೋ ದಾಯಾದಿಯೋ ಅವಳ ಕೈ ಹಿಡೀಬೇಕು. ಇವಳು ಮೈದುನನ್ನ ಒಪ್ಪಲಿಲ್ಲ. ಅಲ್ಲಿಗೆ, ಊರವರ ಲೆಕ್ಕದಲ್ಲಿ ಇವಳಿಗೆ ಇನ್ನೂ ಬಿಡುಗಡೆ ಇಲ್ಲ. ಅಂಥವಳು ಬೇರೆಯವರ ಮನೆ ಗೇಟು ದಾಟಬಾರದು. ದಾಟಿದ್ರೆ ಆ ಮನೆಗೆ ಕೇಡು ಅಂತಾರೆ."

"ಮತ್ತೆ ನಿಮ್ಮ ಕೋಣೆಗೆ ಬಂದ್ಲಲ್ಲ?"

"ಬಾಡಿಗೆ ಕೋಣೆ ನಮಗೆ ಮನೆ ಅಲ್ಲಪ್ಪ, ಬರೀ ತಂಗೋ ಜಾಗ. ಸ್ವಂತ ನೆಲ, ಸ್ವಂತ ಗೇಟು ಇದ್ರೆ ಅದು ಮನೆ. ನಿಮ್ಮದು ಮನೆ."

ಕ್ಯಾಲೊ ಹಣೆ ಹಿಡಿದುಕೊಂಡ. "ಇದನ್ನೆಲ್ಲ ಅವಳು ನಂಬ್ತಾಳಾ? ಓದಿದವಳು!"

"ಮೊದಲು ನಂಬ್ತಿರಲಿಲ್ಲ." ಅಪಿಯೊಳ ದನಿ ಒಡೆಯಿತು. "ಒಮೊಲೊನ ಮಣ್ಣು ಮಾಡಿ ಎರಡು ತಿಂಗಳಿಗೆ ಪಕ್ಕದ ಮನೆ ಗೆಳತಿಗೆ ಹೆರಿಗೆ ಆಯ್ತು. ಇವಳು ಯಾರ ಮಾತೂ ಕೇಳದೆ ಹೋಗಿ ಮಗುನ ಎತ್ತಿಕೊಂಡಳು. ಮೂರನೇ ದಿನ ಮಗು ಹೋಯ್ತು. ಆ ಗೆಳತಿನೇ ಬಾಗಿಲಲ್ಲಿ ನಿಂತು ಕೂಗಿದಳು, 'ನಿನ್ನ ಕಾಲ್ಗುಣ ಕಣೇ, ಗಂಡನ್ನ ತಿಂದೆ, ನನ್ನ ಕೂಸನ್ನೂ ತಿಂದೆ' ಅಂತ. ಅವತ್ತಿಂದ ಅವಳು ಯಾರ ಮಗುನೂ ಮುಟ್ಟಿಲ್ಲ. ನಿನ್ನ ಮನೆ ಕೀಳು ಅಂತಲ್ಲ ಅವಳು ಬರದಿದ್ದದ್ದು. ಆ ಮನೆಗೆ ಏನೂ ಆಗ್ಬಾರದು ಅಂತ, ದಡ್ಡ!"

ಕ್ಯಾಲೊಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಮೈಲಿಗೆ ಎಂದುಬಿಟ್ಟಿದ್ದ, ಅದೂ ಅವಳಿಗೆ! ತನ್ನ ಬಾಯಿಗೆ ಹುಳ ಬೀಳಬಾರದೇ ಎನ್ನಿಸಿತು.

*

ಸೋಮವಾರ ಬೆಳಿಗ್ಗೆ ಹೋಮಾ ಬೇ ಬಸ್ಸಿನ ಮೆಟ್ಟಿಲ ಮೇಲೆ ಅಡೊಂಗೊ ಕಾಲಿಟ್ಟಿದ್ದಳಷ್ಟೆ.

"ಇಳಿ," ಎಂದಿತು ಹಿಂದಿನ ದನಿ. "ಈ ಸಲ ಎಳೆಯಲ್ಲ. ಕೇಳ್ಕೋತಿದೀನಿ."

ಅವಳು ತಿರುಗಲಿಲ್ಲ. "ಅಕ್ಕ ಹೇಳಿಬಿಟ್ಟಳು, ಅಲ್ವಾ?"

"ಹೇಳಿದ್ರು. ನಾನು ಆಡಿದ ಮಾತಿಗೆ ಕ್ಷಮೆ ಇಲ್ಲ, ಗೊತ್ತು. ಆದ್ರೂ ಬಾ. ಒಳಗೆ ಕರೆಯಲ್ಲ. ಗೇಟಿನವರೆಗೆ ಮಾತ್ರ. ರಾತ್ರಿ ಬಸ್ಸಿಗೆ ನಾನೇ ತಂದು ಬಿಡ್ತೀನಿ."

ಬಸ್ಸು ಅವಳಿಲ್ಲದೆಯೇ ಹೊರಟಿತು.

ಕಿಟೆಂಗೆಲಾ ತಲುಪಿದಾಗ ಅವಳು ಕಂಡದ್ದನ್ನು ನಂಬಲಿಲ್ಲ. ಗೇಟಿನ ಹೊರಗೆ, ಮುಳ್ಳುಜಾಲಿಯ ಕೆಳಗೆ, ಮೂರು ಕಲ್ಲಿನ ಒಲೆ. ಅದರ ಮೇಲೆ ಪಾತ್ರೆ. ಚಾಪೆ, ತಟ್ಟೆ, ಮನೆಯ ಮೇಜು, ನಾಲ್ಕು ಕುರ್ಚಿ, ಎಲ್ಲವೂ ರಸ್ತೆಗೆ ಬಂದಿದ್ದವು. ನೆರೆಹೊರೆಯವರು ಬೇಲಿಗೆ ಗದ್ದ ಊರಿ ನೋಡುತ್ತಿದ್ದರು.

"ಏನು ಸ್ಯೊಂಬುವಾ, ಮನೆ ಖಾಲಿ ಮಾಡ್ತಿದೀಯಾ?"

"ನಿನಗೆ ಬಡಿಸಲ್ಲ, ನಿನ್ನ ಕೆಲಸ ನೋಡು!" ಸ್ಯೊಂಬುವಾ ಸೌಟು ಬೀಸಿದಳು. ಆಮೇಲೆ ಅಡೊಂಗೊಳ ಕೈ ಹಿಡಿದು ಕೂರಿಸಿದಳು. ಹಿಡಿದ ಕೈ ಬಿಡಲಿಲ್ಲ.

"ಕ್ಯಾಲೊ ಎಲ್ಲಾ ಹೇಳಿದ. ನಿನ್ನ ಗೆಳತಿಯ ಆ ಮಗು ತಿಂಗಳು ತುಂಬಿ ಹುಟ್ಟಿತ್ತಾ?"

ಅಡೊಂಗೊ ತಲೆಯಾಡಿಸಿದಳು. "ಇಲ್ಲ... ಏಳು ತಿಂಗಳಿಗೇ..."

"ಹಾಲು ಕುಡೀತಿತ್ತಾ?"

"ಇಲ್ಲ."

"ನಾನು ಇಬ್ಬರನ್ನ ಹಾಗೇ ಕಳ್ಕೊಂಡೆ. ಗಂಡನ್ನೂ ಕಳ್ಕೊಂಡೆ. ಯಾರೂ ಕಾಲಿಟ್ಟು ಕೊಂದಿರಲಿಲ್ಲ ಮಗಳೇ. ನಿನ್ನ ಗೆಳತಿಗೂ ಅದು ಗೊತ್ತು. ದುಃಖಕ್ಕೆ ಬೈಯೋಕೆ ಒಬ್ಬರು ಬೇಕಾಗಿತ್ತು. ನೀನು ಸಿಕ್ಕೆ."

ಅಡೊಂಗೊ ಅತ್ತಳು. ಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನೆಲ್ಲ, ಬೀದಿಯಲ್ಲಿ, ಹತ್ತು ಜನ ನೋಡುತ್ತಿರುವಾಗ ಅತ್ತಳು. ಯಾರೂ ಸುಮ್ಮನಿರು ಎನ್ನಲಿಲ್ಲ.

ಆಮೇಲೆ ಊಟ. ಎಲ್ಲರೂ ಕೈ ಹಾಕಿ ತಿನ್ನತೊಡಗಿದರು. ಅಡೊಂಗೊಗೆ ತುತ್ತು ಎತ್ತಲಾಗಲಿಲ್ಲ, ತಟ್ಟೆ ಹಾಗೇ ಇತ್ತು. ಅಷ್ಟರಲ್ಲಿ ಚಾಪೆಯ ಮೇಲಿದ್ದ ಮಗು ರಚ್ಚೆ ಹಿಡಿಯಿತು.

"ಯಾರಾದ್ರೂ ಎತ್ಕೊಳ್ರೋ," ಎಂದಳು ಮಗುವಿನ ತಾಯಿ ಕನಿನಿ, ಕ್ಯಾಲೊನ ಅಕ್ಕ. "ನನ್ನ ಕೈಯೆಲ್ಲ ಸಾರು."

"ನನ್ನದೂ," ಎಂದಳು ಸ್ಯೊಂಬುವಾ, ಕೋಳಿಕಾಲು ಚೀಪುತ್ತಾ. ಮುದುಕಿ ಬೇಕೆಂದೇ ಅಂದಳೋ ಏನೋ, ತಲೆ ಮಾತ್ರ ಎತ್ತಲಿಲ್ಲ.

ಕ್ಯಾಲೊ ಎರಡೂ ಕೈ ತೋರಿಸಿದ. ಮೊಣಕೈವರೆಗೂ ಎಣ್ಣೆ.

ಅಲ್ಲಿ ಶುದ್ಧವಾಗಿದ್ದ ಕೈಗಳು ಅಡೊಂಗೊಳವು ಮಾತ್ರ. ಮಗು ಅತ್ತು ಅತ್ತು ಕೆಂಪಾಯಿತು. ಅವಳು ಕನಿನಿಯ ಮುಖ ನೋಡಿದಳು.

"ನಾನು... ಎತ್ಕೊಳ್ಲಾ?"

"ಬೇಗ ಎತ್ಕೊಳೇ ಪುಣ್ಯಾತ್ಗಿತ್ತಿ, ಕಿವಿ ತೂತು ಬೀಳ್ತಿದೆ!"

ಅಡೊಂಗೊ ಎತ್ತಿಕೊಂಡಳು. ಮಗು ಅವಳ ಕತ್ತಿನ ಸಂದಿಗೆ ಮುಖ ತೂರಿಸಿ ಬಿಕ್ಕಿತು. ನಿಧಾನಕ್ಕೆ ಬಿಕ್ಕಳಿಕೆ ನಿಂತಿತು. ಉಳಿದವರು ಮುದ್ದೆ ಮುರಿಯುವುದರಲ್ಲೇ ಇದ್ದರು.

ಕ್ಯಾಲೊ ಕೈ ತೊಳೆದು ಬಂದು ಅವಳ ಪಕ್ಕ ಚಾಪೆಯ ಮೇಲೆ ಕೂತ.

"ಇವಳಿಗೆ ಏನಾದ್ರೂ ಆದ್ರೆ?" ಅವಳು ಪಿಸುಗುಟ್ಟಿದಳು.

"ಆಸ್ಪತ್ರೆಗೆ ಕರ್ಕೊಂಡು ಹೋಗ್ತೀವಿ. ನಿನ್ನ ಮೇಲೆ ಹೊರಿಸಲ್ಲ."

"ನಿನಗೆ ಏನಾದ್ರೂ ಆದ್ರೆ? ದಿನಾ ಸಿಂಹದ ಮಧ್ಯೆ ಗಾಡಿ ಓಡಿಸ್ತೀಯ... ಇನ್ನೊಂದು ಸಲ ಕೂತು ದಾರಿ ಕಾಯೋಕೆ ನನ್ನಿಂದಾಗಲ್ಲ ಕ್ಯಾಲೊ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಅಂದ್ರೆ... ನಾನು ಬರ್ಲಿ ಅಂತ ಕಾಯ್ತೀಯಾ?"

"ಆವತ್ತು ಸೋಡಾ ಕುಡಿದಾಗಿಂದ ಕಾಯ್ತಾನೇ ಇದೀನಿ. ಗೊತ್ತಾಗಲಿಲ್ವಾ?"

"ಇಲ್ಲ. ನಿಮ್ಮಕ್ಕ ಹೇಳಿದ್ದು ಸರಿ, ನಾನು ದಡ್ಡ." ಅವನ ಕಣ್ಣು ತುಂಬಿತ್ತು. "ನೀನು ನನಗೆ ಬೇಕು ಅಡೊಂಗೊ. ನಿನ್ನ ಅಳು, ನಿನ್ನ ಭಯ, ಎಲ್ಲಾ ಸೇರಿಸಿ ಬೇಕು."

"ಈ ಗೇಟು ಯಾವತ್ತು ದಾಟ್ತೀನೋ ನನಗೇ ಗೊತ್ತಿಲ್ಲ..."

"ಅವಸರ ಇಲ್ಲ. ಅಲ್ಲಿವರೆಗೆ ಇಲ್ಲೇ ಒಲೆ ಹೂಡ್ತೀವಿ. ಈಗ ಮಗುನ ನನಗೆ ಕೊಡು, ನೀನು ಊಟ ಮಾಡು."

ಅವಳು ಕೊಡಲಿಲ್ಲ. ಮಗುವಿನ ಬೆನ್ನ ಮೇಲೆ ಕೈಯಿಟ್ಟು ಉಸಿರು ಏರಿಳಿಯುವುದನ್ನೇ ನೋಡುತ್ತಾ ಕೂತಳು.

"ಇರು... ಇನ್ನೊಂಚೂರು ಹೊತ್ತು. ನಿದ್ದೆ ಮಾಡ್ತಿದಾಳೆ."