ನಾಲಿಗೆ ಕೆಳಗಿನ ಬಲೂನು

ಗಿಣಿ ತೊಟ್ಟಿಲೊಳಗೆ ಬಗ್ಗಿದ್ದಳು. ಅವಳ ಪುಟ್ಟ ತಮ್ಮ ಬಾಯಿ ಅಗಲಿಸಿ ಅಳುತ್ತಿದ್ದ. ಮೇಲೆದ್ದ ನಾಲಿಗೆಯ ಕೆಳಗೆ ಏನೋ ಹೊಳೆಯಿತು. ಬಟಾಣಿ ಗಾತ್ರದ್ದು, ತಿಳಿ ನೀಲಿ.

"ಅಜ್ಜಿ, ಪಾಪು ಬಾಯಲ್ಲಿ ಬಲೂನ್ ಇದೆ."

ಅಷ್ಟರಲ್ಲಿ ಅಜ್ಜಿ ಅವನನ್ನು ಹೆಗಲಿಗೆ ಹಾಕಿಕೊಂಡಾಗಿತ್ತು. ಆ ಮನೆಯಲ್ಲಿ ಪಾಪು ಅತ್ತರೆ ಎಲ್ಲರೂ ಪೈಪೋಟಿಗೆ ಬಿದ್ದು ಓಡಿಬರುತ್ತಿದ್ದರು. ಅಮ್ಮ ಎದೆಗವಚಿಕೊಳ್ಳುತ್ತಿದ್ದಳು. ಬಸ್ ಓಡಿಸುವ ಅಪ್ಪ ಬಾಯಲ್ಲೇ ಹಾರ್ನ್ ಹೊಡೆಯುತ್ತಿದ್ದ. ಅಜ್ಜಿಯ ಹೆಗಲೇರಿದರಂತೂ ಅಳು ಗಪ್‌ಚಿಪ್. ಅಜ್ಜಿಗೆ ಅದೇ ಒಂದು ಹೆಮ್ಮೆ.

ಸುಮ್ಮನಾದ ಪಾಪುವಿನ ತುಟಿ ಬಿಡಿಸಿ ನೋಡಿ, ಏನೂ ಇಲ್ಲ ಎಂದಳು ಅಜ್ಜಿ. ಗಿಣಿ ಹೇಳುವುದರಲ್ಲಿ ಮುಕ್ಕಾಲು ಪಾಲು ಕಟ್ಟುಕತೆ ಎಂದು ಮನೆಯವರೆಲ್ಲ ಎಂದೋ ತೀರ್ಮಾನಿಸಿಬಿಟ್ಟಿದ್ದರು.

ಆದರೆ ಪಾಪು ಹಾಲು ಕುಡಿಯುತ್ತಿರಲಿಲ್ಲ. ಎರಡು ಗುಟುಕು ಚೀಪಿ ಮುಖ ತಿರುಗಿಸುತ್ತಿದ್ದ. ಮೈ ಇಳಿಯುತ್ತಾ ಬಂತು. ಅಮ್ಮನಿಗೆ ಊಟ ಸೇರದಾಯಿತು. ಕೊನೆಗೆ ಎಲ್ಲರೂ ಆಸ್ಪತ್ರೆಗೆ ಹೊರಟರು. ಗಿಣಿಯೂ ಹಟ ಹಿಡಿದು ಹೊರಟಳು.

ಡಾಕ್ಟರಮ್ಮ ಟಾರ್ಚ್ ಹಿಡಿದರೆ ಪಾಪು ತುಟಿ ಬಿಗಿದುಕೊಂಡ. ಒಂದು ಸಲ ಕುಂಯ್ ಎಂದ. ಕೂಡಲೇ ಅಜ್ಜಿ ತಟ್ಟಿದಳು. ಅಪ್ಪ ಹಾರ್ನ್ ಹೊಡೆದ. ಬಾಯಿ ಮತ್ತೆ ಮುಚ್ಚಿಕೊಂಡಿತು.

ಗಿಣಿಗೆ ತಡೆಯಲಾಗಲಿಲ್ಲ. "ಅವನು ಅಳಬೇಕು ಡಾಕ್ಟ್ರೇ. ಆಗ್ಲೇ ಅದು ಕಾಣೋದು."

"ಇವಳ ಮಾತು ಬಿಡಿ," ಎಂದಳು ಅಜ್ಜಿ.

ಡಾಕ್ಟರಮ್ಮ ಬಿಡಲಿಲ್ಲ. "ಎಲ್ಲಿ, ಅಳಿಸು ನೋಡೋಣ."

ಗಿಣಿ ಪಾಪುವಿನ ಸಾಕ್ಸ್ ಕಳಚಿ, ಅಂಗಾಲಿಗೆ ತನ್ನ ತಣ್ಣನೆ ಬೆರಳು ಇಟ್ಟಳು. ಪಾಪು ಕಟ್ಟಡವೇ ಹಾರಿಹೋಗುವಂತೆ ಕಿರುಚಿದ. ಮೂರು ಜೊತೆ ಕೈ ಮುಂದೆ ಬಂದವು.

"ಯಾರೂ ಎತ್ಕೋಬೇಡಿ," ಎಂದಳು ಗಿಣಿ.

ಕೈಗಳು ಅಲ್ಲೇ ನಿಂತವು.

ಟಾರ್ಚಿನ ಬೆಳಕಲ್ಲಿ ನೀಲಿ ಬಲೂನು ಫಳಫಳ ಹೊಳೆಯಿತು. "ಸರಿಯಾಗೇ ನೋಡಿದ್ದೀಯ ಕಣೇ," ಎಂದರು ಡಾಕ್ಟರಮ್ಮ. ಜೊಲ್ಲು ಹೊರಗೆ ಬರುವ ಸಣ್ಣ ದಾರಿ ಕಟ್ಟಿಕೊಂಡಿದೆ, ಜೊಲ್ಲು ಒಳಗೇ ತುಂಬಿ ಗುಳ್ಳೆಯಾಗಿದೆ, ಹೆದರುವಂಥದ್ದೇನಲ್ಲ ಎಂದು ಬಿಡಿಸಿ ಹೇಳಿದರು. ಮರುದಿನ ಪಾಪುವಿಗೆ ನೋವಾಗದಂತೆ ಔಷಧಿ ಕೊಟ್ಟು ಅದನ್ನು ತೆಗೆದರು.

ಸಂಜೆ ಪಾಪು ಹಾಲು ಕುಡಿದ. ಕುಡಿದೇ ಕುಡಿದ. ಗುಟುಕಿನ ಸದ್ದು ಬಾಗಿಲವರೆಗೂ ಕೇಳುತ್ತಿತ್ತು. ಅಮ್ಮ ಅಳುತ್ತಾ ನಗುತ್ತಿದ್ದಳು. ಅಪ್ಪ ವಾರ್ಡಿನಲ್ಲೇ ಉದ್ದನೆಯ ಹಾರ್ನ್ ಹೊಡೆದು ನರ್ಸ್ ಕೈಲಿ ಬೈಸಿಕೊಂಡ.

ಮನೆಗೆ ಬಂದ ಮೇಲೆ ಪಾಪು ಮತ್ತೆ ಅತ್ತ. ಎತ್ತಲು ಬಗ್ಗಿದ ಅಜ್ಜಿ ಕೈ ತಡೆದು, ಹಿಂದೆ ಸರಿದಳು.

"ಗಿಣಿ, ಬಾರೇ. ಏನಂತೆ ಕೇಳು ಇವನು."

ಗಿಣಿ ತೊಟ್ಟಿಲೊಳಗೆ ಬಗ್ಗಿದಳು. ನಾಲಿಗೆಯ ಕೆಳಗೆ ಏನೂ ಇರಲಿಲ್ಲ. ಆದರೂ ಅಳುವನ್ನು ಪೂರ್ತಿ ಕೇಳಿಸಿಕೊಂಡಳು.

"ಹಸಿವಂತೆ," ಎಂದಳು.

ಅಮ್ಮ ಆಗಲೇ ಎದ್ದಿದ್ದಳು.