ಹತ್ತು ಸೆಂಟಿನ ರಾಣಿ

ವಾಡಿ ಜಂಕ್ಷನ್ನಿನ ಪಾರ್ಸೆಲ್ ಆಫೀಸಿನ ಕಿಟಕಿಯ ಮುಂದೆ ಐದು ನಿಮಿಷದಿಂದ ನಿಂತಿದ್ದರೂ ಒಳಗಿನ ಕ್ಲಾರ್ಕು ತಲೆ ಎತ್ತಲಿಲ್ಲ. ಶರಣಬಸಮ್ಮನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಭೂತಗನ್ನಡಿ ಹಿಡಿದು ಅಷ್ಟು ಬಗ್ಗಿ ಈ ಮನುಷ್ಯ ನೋಡುತ್ತಿರುವುದಾದರೂ ಏನು ಎಂಬ ಕುತೂಹಲವೇ ಹೆಚ್ಚಾಯಿತು.

ಅವಳು ಚಿತ್ತಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ಎರಡನೇ ಶನಿವಾರ ಬಂತೆಂದರೆ ನಾಲವಾರದ ತಾಯಿಯ ಮನೆಗೆ ಹೊರಡುವಳು. ವಾಡಿಯಲ್ಲಿ ಗಾಡಿ ಬದಲಿಸಬೇಕು, ಒಂದೂವರೆ ತಾಸು ಕಾಯಬೇಕು. ಆ ದಿನ ಶಾಲೆಗೆಂದು ಬಂದ ಗ್ಲೋಬಿನ ಪಾರ್ಸೆಲ್ ಬಿಡಿಸಿಕೊಳ್ಳುವ ಕೆಲಸವೂ ಇತ್ತು. ೧೯೭೧ರ ಮಾತು.

"ತಪ್ಪಾಯ್ತರಿ, ಅಕ್ಕೋರೆ," ಎಂದು ಎದ್ದ ಕ್ಲಾರ್ಕು ಗೊಲ್ಲಾಳಪ್ಪ. ಆ ಕಡೆ ಟೀಚರಮ್ಮನನ್ನು ಎಲ್ಲರೂ ಕರೆಯುವುದು ಹಾಗೆಯೇ. ಆಫೀಸಿಗೆಲ್ಲ ಒಂದೇ ಇದ್ದ ಕುರ್ಚಿಯನ್ನು ತನ್ನ ಟವೆಲ್ಲಿನಿಂದ ಒರೆಸಿ ಅವಳಿಗೆ ಕೊಟ್ಟ.

ಮೇಜಿನ ಬಿಳಿ ಕಾಗದದ ಮೇಲೆ ಮೂರು ಬೆಳ್ಳಿ ನಾಣ್ಯಗಳಿದ್ದವು. ಮುಂಬಯಿಯ ವ್ಯಾಪಾರಿಯೊಬ್ಬ ನೋಡಲು ಕಳಿಸಿದ್ದ; ಮನಸ್ಸಿಗೆ ಬಂದದ್ದು ಇಟ್ಟುಕೊಂಡು ಉಳಿದದ್ದನ್ನು ತಿರುಗಿ ಕಳಿಸಬಹುದು. ಇಬ್ಬರು ತಂಗಿಯರ ಮದುವೆ ಮುಗಿಸಿದ ಮೇಲೆ ಈಗಷ್ಟೇ ಗೊಲ್ಲಾಳಪ್ಪನ ಕೈಯಲ್ಲಿ ತನ್ನದೆಂಬ ನಾಲ್ಕು ರೂಪಾಯಿ ಉಳಿಯತೊಡಗಿತ್ತು. ಯಾವುದಾದರೂ ಒಂದು ಪರದೇಶದ, ಒಂದೇ ಬೆಲೆಯ ಬೆಳ್ಳಿ ನಾಣ್ಯಗಳ ಸಾಲೊಂದನ್ನು ಕೂಡಿಸಬೇಕು, ಚಿಕ್ಕದಾದರೂ ಚಿಂತೆಯಿಲ್ಲ, ಆದರೆ ಒಂದೊಂದೂ ಟಂಕಸಾಲೆಯಿಂದ ಈಗ ಹೊರಬಂದಂತಿರಬೇಕು ಎಂಬುದು ಅವನ ಆಸೆ. ಯಾವ ಸಾಲು ಎಂದು ಗೊತ್ತಾಗದೆ ತಿಂಗಳಾಗಿತ್ತು.

ಅವಳು ಭೂತಗನ್ನಡಿಗೆ ಕೈ ಚಾಚಿದಳು. ಫ್ರಾನ್ಸಿನದರಲ್ಲಿ ಹೆಂಗಸೊಬ್ಬಳು ಬಿತ್ತುತ್ತಿದ್ದಳು.

"ಇಕಿ ಲಂಗಾ ನೋಡ್ರಿ, ಹಿಂದಕ ಹಾರ್ಯದ. ಗಾಳಿಗಿ ಎದುರ ನಿಂತು ಬಿತ್ತಾಕತ್ತಾಳ. ಬೀಜ ಎಲ್ಲಾ ಇಕಿ ಮಾರಿಗೇ ಬೀಳ್ತಾವ."

ತಿಂಗಳು ನೋಡಿದರೂ ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಸ್ವಿಟ್ಜರ್ಲೆಂಡಿನವಳು ಈಟಿ ಹಿಡಿದು ತೊಂಬತ್ತು ವರ್ಷ ಒಂದೇ ರೀತಿ ನಿಂತಿದ್ದಾಳೆ ಎಂದು ತಿಳಿದಾಗ, ಪಾಪ, ಕಾಲು ನೋಯುವುದಿಲ್ಲವೇ ಎಂದು ಕೇಳಿದಳು. ಅವನು ನಕ್ಕ. ಮೂರನೆಯದು ಹಾಲೆಂಡಿನ ಹತ್ತು ಸೆಂಟು, ಅಂಗಿಯ ಗುಂಡಿಯಷ್ಟೇ. ಹತ್ತು ವರ್ಷದವಳಿದ್ದಾಗಲೇ ರಾಣಿಯಾದವಳು ಅದರ ಮೇಲಿದ್ದಳು. ಮೊದಲಿನ ನಾಣ್ಯಗಳಲ್ಲಿ ಕೂದಲು ಇಳಿಬಿಟ್ಟ ಹುಡುಗಿ, ಆಮೇಲೆ ಕಿರೀಟದ ತರುಣಿ, ಆಮೇಲೆ ತುಪ್ಪುಳದ ಶಾಲು ಹೊದ್ದ ಹೆಂಗಸು, ಕಡೆಗೆ ವಯಸ್ಸಾದವಳು ಎಂದು ಅವನು ವಿವರಿಸಿದ. ಮುಖ ನಾಲ್ಕು, ಹೆಣ್ಣು ಒಬ್ಬಳೇ.

"ಇಕೀನ್ನೇ ತಗೋರಿ," ಎಂದಳು ಶರಣಬಸಮ್ಮ. "ಇಕಿದು ಮುಂದ ಏನಾತು ಅಂತ ನೋಡಬೇಕಲ್ಲ."

ಹಾಗೆ ಶುರುವಾಯಿತು. ಎರಡನೇ ಶನಿವಾರಗಳಂದು ಮೇಜಿನ ಮೇಲೆ ಎರಡು ಕಪ್ಪು ಚಹಾ ಇರುತ್ತಿತ್ತು. ಚಾದವನು ತಪ್ಪಿ ಒಂದು ಹೆಚ್ಚಿಗೆ ತಂದಿದ್ದಾನೆ ಎಂದು ಪ್ರತಿ ಸಲವೂ ಗೊಲ್ಲಾಳಪ್ಪ ಹೇಳುವನು. ನಿಮ್ಮ ಚಾದವನಿಗೆ ಎಣಿಸಲು ಕಲಿಸಬೇಕಾದೀತು ಎಂದು ಅವಳು ಕಪ್ಪಿನ ಅಂಚಿನ ಮೇಲಿಂದ ನೋಡುವಳು. ಅವನು ಕಿಟಕಿಯಾಚೆ ನೋಡುವನು.

ಕಡೆಯ ಮುಖ ಸುಲಭವಾಗಿ ಸಿಕ್ಕಿತು. ಶಾಲಿನದೂ ಬಂತು, ಕಿರೀಟದ್ದೂ ಬಂತು. ಹುಡುಗಿಯ ಮುಖ ಮಾತ್ರ ನಾಲ್ಕು ಸಲ ಬಂದು ನಾಲ್ಕು ಸಲವೂ ತಿರುಗಿ ಹೋಯಿತು. ಐದನೆಯದು ಶರಣಬಸಮ್ಮನ ಕಣ್ಣಿಗೆ ಚೆನ್ನಾಗಿಯೇ ಕಂಡಿತು.

"ಕಿವಿ ಮ್ಯಾಲಿನ ಕೂದಲ ಸವದದರಿ," ಎಂದ ಅವನು, ಕಾಗದ ಮಡಚುತ್ತ. "ಒಮ್ಮಿ ಮಂದಿ ಕೈಯಾಗ ಓಡ್ಯಾಡಿ ಬಂದದ್ದು ಎಷ್ಟ ಚಂದ ಇದ್ರೂ ನನಗ ಬ್ಯಾಡ."

ಅವನು ಹೇಳಿದ್ದು ಬೆಳ್ಳಿಯ ಮಾತು. ಅದು ಅವಳಿಗೆ ಗೊತ್ತಿತ್ತು. ಆದರೂ ಕಪ್ಪನ್ನು ಕೆಳಗಿಟ್ಟುಬಿಟ್ಟಳು. ಹತ್ತೊಂಬತ್ತಕ್ಕೆ ಮದುವೆ, ಚಿಂಚೋಳಿಯ ಗಂಡ ಒಂದು ವರ್ಷ ತುಂಬುವಷ್ಟರಲ್ಲಿ ಜ್ವರದಲ್ಲಿ ತೀರಿಕೊಂಡ. ಇಂಥದೇ ಮಾತನ್ನು ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಅಡುಗೆಮನೆಗಳಲ್ಲಿ ಕೇಳಿದ್ದಳೋ. ಗೊಲ್ಲಾಳಪ್ಪನಿಗೆ ಅವಳು ಏನೂ ಹೇಳಿರಲಿಲ್ಲ. ಅರ್ಧ ಕಪ್ಪು ಬಿಟ್ಟು ಎದ್ದಳು.

ಮುಂದಿನ ಎರಡು ಸಲ ನಾಲವಾರಕ್ಕೆ ಬಸ್ಸಿನಲ್ಲಿ ಹೋದಳು. ಮೂರನೆಯ ಸಲ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಸ್ಟೇಷನ್ನಿನ ಕಡೆ ತಿರುಗಿದಳು. ಬೇಡ ಎನ್ನುವುದಾದರೆ ಅವನ ಬಾಯಿಂದಲೇ ಕೇಳಬೇಕು. ಜನ್ಮವಿಡೀ ಬಸ್ಸಿನಲ್ಲಿ ಸುತ್ತಿ ಹೋಗಲಾಗುವುದಿಲ್ಲ.

ಅವನು ಕುರ್ಚಿ ಒರೆಸಿದ. ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಅಂಚೆಯ ಪೊಟ್ಟಣವೊಂದನ್ನು ಮುಂದಿಟ್ಟ. ಬಂದು ತಿಂಗಳಾಗಿದೆ, ನೀವು ಬರಲಿ ಎಂದು ಒಡೆದಿಲ್ಲ ಎಂದ.

"ಅದು ಇರ್ಲಿ. ನನ್ನ ಮಾತ ಕೇಳ್ರಿ," ಎಂದಳು. "ನನಗ ಮದುವಿ ಆಗಿತ್ತು. ಅವರು ಹೋಗಿ ಒಂಬತ್ತು ವರ್ಷಾತು."

"ಗೊತ್ತದರಿ. ನಮ್ಮ ತಂಗೀನ ಕೊಟ್ಟದ್ದು ನಾಲವಾರಕ್ಕೇ. ಮಳಿಗಾಲದಾಗೇ ಆಕಿನ್ನ ಕೇಳಿದ್ದೆ." ಅಷ್ಟು ಹೇಳುವಾಗಲೇ ಅವನ ಮುಖದ ಬಣ್ಣ ಇಳಿಯಿತು. ಎರಡು ಶನಿವಾರ ಖಾಲಿ ಹೋದದ್ದು ಯಾಕೆಂದು ಅವನಿಗೆ ಈಗ ಹೊಳೆದಿತ್ತು. "ಆವತ್ತ ನಾ ಅಂದದ್ದು... ಅಕ್ಕೋರೆ, ಇನ್ನ ಮ್ಯಾಲ ಸವದದ್ದೇ ತಗೋತೀನಿ. ಎಲ್ಲಾ ಸವದದ್ದೇ."

ಅವಳಿಗೆ ನಗು ತಡೆಯಲಾಗಲಿಲ್ಲ. "ಬ್ಯಾಡ್ರಿ. ಬೆಳ್ಳಿ ತಗೊಳ್ಳಾಗ ಚಲೋದನ್ನೇ ಆರಿಸ್ರಿ. ನಾ ಬೆಳ್ಳಿ ಅಲ್ಲ. ನನ್ನ ಅದರ ಬಾಜೂಕ ಇಟ್ಟು ನೋಡಬ್ಯಾಡ್ರಿ, ಅಷ್ಟ."

ಅವನ ಸಂಕೋಚ ಕಳೆಯಲೆಂದು ಪೊಟ್ಟಣವನ್ನು ತಾನೇ ಒಡೆದಳು. ಹುಡುಗಿಯ ಕಿವಿಯ ಮೇಲೆ ಒಂದೊಂದು ಎಳೆಯೂ ಎಣಿಸುವಂತಿತ್ತು. ಭೂತಗನ್ನಡಿಯನ್ನು ಅವನ ಕಡೆ ಸರಿಸಿ, ಇಟ್ಟುಕೊಳ್ಳಿ ಎಂದಳು. ಅವನು ನಾಣ್ಯ ನೋಡಲಿಲ್ಲ.

"ನಮ್ಮ ಅವ್ವಂದೂ ಉಡಿಕಿ ಮದುವೀರಿ," ಎಂದ ಮೆಲ್ಲಗೆ. "ಮೊದಲನೇ ಗಂಡ ಸತ್ತ ಮ್ಯಾಲ ನಮ್ಮಪ್ಪ ಸೀರಿ ಉಡಿಸಿ ಕರಕೊಂಡು ಬಂದ. ಆ ಮನ್ಯಾಗ ಹುಟ್ಟಿದಾಂವ ನಾನು. ಶರಣಬಸಮ್ಮ, ನಿಮ್ಮ ಅವ್ವನ ಮುಂದ ಬಂದು ನಾ ಏನಂತ ಕೇಳ್ಲಿ?"

ಹೆಸರು ಹಿಡಿದು ಅವನು ಕರೆದದ್ದು ಅದೇ ಮೊದಲು. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಅವ್ವಗ ಆಮ್ಯಾಲ ಕೇಳ್ರಿ. ಮೊದಲ ನನಗ ಕೇಳ್ರಿ."

ಅವನು ಎದ್ದು ನಿಂತ. ಒಮ್ಮೆ ತಡವರಿಸಿದ, ಮತ್ತೆ ಸರಿಯಾಗಿ ಕೇಳಿದ. "ನನ್ನ ಕೂಡ ಬಾಳ್ವಿ ಮಾಡ್ತೀರೇನ್ರಿ?"

"ಹೂಂರಿ," ಎಂದಳು, ಅವನನ್ನು ಒಂದು ಗಳಿಗೆಯೂ ಕಾಯಿಸದೆ. "ನಾಳಿ ಐತವಾರ. ಮುಂಜಾನಿ ಗಾಡಿಗೇ ಬರ್ರಿ."